‘ಹಾಡು ತಾನೇ, ಬಿಡು ಮಗಾ’ ಅನ್ನೋಕೆ ಮುಂಚೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಪೂರ್ಣ ಪಠ್ಯ)

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ನಿಂತಿರೋರಿಗೆ, ಹಾಸ್ಟೆಲ್ ರೂಮಲ್ಲಿ ಲೈಟ್ ಆರಿಸಿ ಮಲಗಿರೋರಿಗೆ, ಅಡುಗೆಮನೆಯಲ್ಲಿ ಫೋನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿ ಇಟ್ಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಈ ಎಪಿಸೋಡ್ ಒತ್ತೋಕೆ ಮುಂಚೆ ನಿಮ್ಮಲ್ಲಿ ಸುಮಾರು ಜನ ಯಾವುದೋ ಹಾಡು ಕೇಳ್ತಿದ್ರಿ, ಅದನ್ನ ನಿಲ್ಲಿಸಿ ಇಲ್ಲಿಗೆ ಬಂದ್ರಿ. ಇವತ್ತಿನ ಮಾತು ಆ ಹಾಡಿನ ಬಗ್ಗೆನೇ.

ಹೋದ ತಿಂಗಳು ನಮ್ಮ ದೊಡ್ಡಪ್ಪನ ಮಗಳ ರಿಸೆಪ್ಷನ್ ಇತ್ತು. ತಿಪಟೂರು ಹತ್ರ ಒಂದು ಕಲ್ಯಾಣ ಮಂಟಪ. ಆರ್ಕೆಸ್ಟ್ರಾದವರು ಮೊದಲು ಎರಡು ಅಣ್ಣಾವ್ರ ಹಾಡು ಹಾಡಿದ್ರು, ಹಿರಿಯರೆಲ್ಲ ತಲೆ ಆಡಿಸಿದ್ರು. ಆಮೇಲೆ ಮುಂದಿನ ಸಾಲಿನ ಹುಡುಗರು ಚೀಟಿ ಕಳಿಸಿದ್ರು. ಬಂತು ನೋಡಿ ಎಣ್ಣೆ ಸಾಂಗ್. ನಮ್ಮ ಕಸಿನ್ ಮಗ ಒಬ್ಬ ಇದಾನೆ, ಆರು ವರ್ಷ. ಅವನು ಸೀದಾ ಸ್ಟೇಜ್ ಮುಂದೆ ಬಂದು ನೀರಿನ ಬಾಟಲ್ ಎತ್ತಿ, ತಲೆ ಹಿಂದಕ್ಕೆ ಹಾಕಿ, ಕಾಲು ತಡವರಿಸೋ ಸ್ಟೆಪ್ ಹಾಕಿದ. ಸ್ಟೆಪ್ ಪಕ್ಕಾ ಇತ್ತು. ಶಿಳ್ಳೆಯೋ ಶಿಳ್ಳೆ. ಹತ್ತಿಪ್ಪತ್ತು ಫೋನು ಮೇಲೆದ್ದವು. ಅದರಲ್ಲಿ ನಂದೂ ಒಂದು. ವಿಡಿಯೊ ಮಾಡಿ, ಮೂರು ನಗೋ ಇಮೋಜಿ ಹಾಕಿ, ಸ್ಟೇಟಸ್‌ಗೆ ಹಾಕ್ದೆ.

ನನ್ನ ಪಕ್ಕದಲ್ಲಿ ನಮ್ಮ ಚಿಕ್ಕಮ್ಮ ಕೂತಿದ್ರು. ಆ ಹುಡುಗನ ಅಜ್ಜಿ ಅವರು. ‘ಎಲೆ ಹಾಕಿದಾರಾ ನೋಡ್ಕೊಂಡು ಬರ್ತೀನಿ’ ಅಂತ ಎದ್ದು ಊಟದ ಹಾಲ್ ಕಡೆ ಹೋದ್ರು. ಊಟಕ್ಕೆ ಇನ್ನೂ ಒಂದು ಗಂಟೆ ಇತ್ತು. ನಂಗೆ ಆಗ ಏನೂ ಅನ್ನಿಸಲಿಲ್ಲ.

ರಾತ್ರಿ ಹನ್ನೊಂದಕ್ಕೆ ಚಿಕ್ಕಮ್ಮನ ಫೋನು. ಸ್ಟೇಟಸ್ ನೋಡಿದ್ರು. ಬೈಲಿಲ್ಲ. ಒಂದೇ ಮಾತು ಕೇಳಿದ್ರು. ‘ಅಲ್ಲ ಕಣೋ, ಅವನ ತಾತ ಹೋಗಿದ್ದು ಯಾತರಿಂದ ಅಂತ ನಿಂಗೆ ಗೊತ್ತಿಲ್ವಾ?’

ಗೊತ್ತಿತ್ತು. ಮೂರು ವರ್ಷದ ಹಿಂದೆ, ಲಿವರ್ ಹೋಗಿ, ಚಿಕ್ಕಪ್ಪ ತೀರ್ಕೊಂಡಾಗ ಆಸ್ಪತ್ರೆಯಲ್ಲಿ ಸಹಿ ಹಾಕಿದ್ದೇ ನಾನು. ಐವತ್ತೆರಡು ವರ್ಷ ಅವರಿಗೆ. ಸ್ಟೇಟಸ್ ಡಿಲೀಟ್ ಮಾಡ್ದೆ. ಮಾರನೇ ದಿನ ಬೆಂಗಳೂರಿಗೆ ವಾಪಸ್ ಬರುವಾಗ ಕಾರಲ್ಲಿ ಫ್ರೆಂಡ್‌ಗೆ ಇದನ್ನ ಹೇಳಿದ್ರೆ, ಅವನು ಸ್ಟೇರಿಂಗ್ ತಿರುಗಿಸ್ತಾ ಹೇಳಿದ್ದು ಇಷ್ಟೇ. ‘ಹಾಡು ತಾನೇ, ಬಿಡು ಮಗಾ.’

ಈ ‘ಹಾಡು ತಾನೇ’ ಅನ್ನೋ ಮಾತನ್ನ ನಾನೂ ನೂರು ಸಲ ಹೇಳಿದೀನಿ. ಇವತ್ತು ಅದನ್ನ ಸ್ವಲ್ಪ ಬಿಚ್ಚಿ ನೋಡೋಣ.

ನಾನು ಓದಿದ್ದು ಬಿ.ಕಾಂ. ಸಂಗೀತದಲ್ಲಿ ಸರಿಗಮ ಕೂಡ ಸರಿಯಾಗಿ ಬರಲ್ಲ. ಆದ್ರೆ ಮಾರ್ಕೆಟಿಂಗ್ ಪೇಪರ್‌ನಲ್ಲಿ ನಮಗೆ ಹೇಳಿಕೊಟ್ಟಿದ್ದು ಒಂದು ವಿಷಯ ಚೆನ್ನಾಗಿ ನೆನಪಿದೆ. ಒಂದು ವಸ್ತುವನ್ನ ಜನರ ತಲೆಯಲ್ಲಿ ಕೂರಿಸಬೇಕು ಅಂದ್ರೆ ಅದಕ್ಕೆ ಒಂದು ರಾಗ ಕೊಡಿ, ಆ ರಾಗವನ್ನ ಮತ್ತೆ ಮತ್ತೆ ಕೇಳಿಸಿ. ನಿರ್ಮಾ ಪುಡಿಯ ಜಿಂಗಲ್ ನೆನಪಿದೆಯಾ? ನಮ್ಮಮ್ಮ ಅದನ್ನ ಪೂರ್ತಿ ಹಾಡ್ತಾರೆ. ಟೈಟನ್ ವಾಚಿನ ಜಾಹೀರಾತಿನ ಟ್ಯೂನ್ ಮೊಜಾರ್ಟ್‌ನ 25ನೇ ಸಿಂಫನಿಯಿಂದ ತಗೊಂಡಿದ್ದು. ಮೊಜಾರ್ಟ್ ಯಾರು ಅಂತ ಗೊತ್ತಿಲ್ಲದ ನಮ್ಮೂರ ಜನ ಕೂಡ ಅದನ್ನ ಕೇಳಿದ ತಕ್ಷಣ ವಾಚು ಅಂತಾರೆ. 2002ರಲ್ಲಿ ಎ.ಆರ್. ರೆಹಮಾನ್ ಮಾಡಿಕೊಟ್ಟ ಏರ್‌ಟೆಲ್ ಟ್ಯೂನ್ ಕತೆನೂ ಅದೇ. ಮೂವತ್ತು ಸೆಕೆಂಡಿನ ಟ್ಯೂನ್‌ಗೆ ಕಂಪನಿಗಳು ಕೋಟಿಗಟ್ಟಲೆ ಸುರೀತಾವೆ. ಯಾಕೆ ಸುರೀತಾವೆ? ಅದು ಕೆಲಸ ಮಾಡುತ್ತೆ ಅಂತ.

ಈಗ ನೀವೇ ಹೇಳಿ. ಮೂವತ್ತು ಸೆಕೆಂಡಿನ ಜಿಂಗಲ್ ನಮ್ಮ ಕೈಲಿ ಸೋಪು ಕೊಳ್ಳಿಸುತ್ತೆ ಅಂತ ಒಪ್ಕೋತೀವಿ. ನಾಲ್ಕು ನಿಮಿಷದ ಹಾಡು, ದಿನಕ್ಕೆ ಹತ್ತು ಸಲ, ನಾವೇ ದುಡ್ಡು ಕೊಟ್ಟು, ನಾವೇ ಲೂಪ್ ಹಾಕಿ ಕೇಳೋದು, ನಮ್ಮ ಮೇಲೆ ಏನೂ ಮಾಡಲ್ಲ ಅಂದ್ರೆ ಲೆಕ್ಕ ಟ್ಯಾಲಿ ಆಗುತ್ತಾ?

ನಮ್ಮ ದೇಶದಲ್ಲಿ ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕೋ ಹಾಗಿಲ್ಲ. 1994ರ ಕೇಬಲ್ ಟಿವಿ ನಿಯಮಗಳಲ್ಲೇ ಅದು ಇದೆ. ಹಾಗಾಗಿ ಕಂಪನಿಗಳು ಏನು ಮಾಡಿದ್ವು ಗೊತ್ತಾ? ಅದೇ ಹೆಸರಲ್ಲಿ ಸೋಡಾ ಜಾಹೀರಾತು, ಅದೇ ಹೆಸರಲ್ಲಿ ‘ಮ್ಯೂಸಿಕ್ ಸಿಡಿ’ ಜಾಹೀರಾತು. ಆ ಸಿಡಿಯನ್ನ ಅಂಗಡಿಯಲ್ಲಿ ಕೊಂಡವರನ್ನ ನಾನಂತೂ ನೋಡಿಲ್ಲ. ಅಷ್ಟು ಕಷ್ಟಪಟ್ಟು ಹಿಂಬಾಗಿಲಿಂದ ಬರೋ ಸಂದೇಶವನ್ನ ನಮ್ಮ ಸಿನಿಮಾ ಹಾಡುಗಳು ಮುಂಬಾಗಿಲಿಂದ, ತಮಟೆ ಹೊಡ್ಕೊಂಡು ತಂದುಬಿಡ್ತವೆ. 2013ರಲ್ಲಿ ಬಂದ ‘ವಿಕ್ಟರಿ’ ಸಿನಿಮಾದ ಕ್ವಾರ್ಟರ್ ಬಾಟಲ್ ಹಾಡು ನಿಮಗೆಲ್ಲ ಗೊತ್ತು. ಅರ್ಜುನ್ ಜನ್ಯ ಸಂಗೀತ, ವಿಜಯ್ ಪ್ರಕಾಶ್ ಧ್ವನಿ. ಸುಳ್ಳು ಯಾಕೆ ಹೇಳ್ಲಿ, ನನ್ನ ಬಾಯಲ್ಲೂ ವರ್ಷಗಟ್ಟಲೆ ಇತ್ತು. ಥಿಯೇಟರ್‌ನಲ್ಲಿ ಕುಡಿಯೋ ಸೀನ್ ಬಂದ್ರೆ ಮೂಲೆಯಲ್ಲಿ ಪುಟ್ಟದಾಗಿ ಎಚ್ಚರಿಕೆ ಬರುತ್ತೆ. ಅದೇ ಹಾಡಿನ ಹದಿನೈದು ಸೆಕೆಂಡು ರೀಲ್ಸ್‌ಗೆ ಬಂದಾಗ, ಮದುವೆ ಮನೆ ಸ್ಪೀಕರ್‌ಗೆ ಬಂದಾಗ, ಆ ಮೂಲೆನೂ ಇಲ್ಲ, ಆ ಎಚ್ಚರಿಕೆನೂ ಇಲ್ಲ.

‘ಇದಕ್ಕೆಲ್ಲ ಪ್ರೂಫ್ ಏನಿದೆ?’ ಅಂತ ಕೇಳ್ತೀರ. ಕೇಳಲೇಬೇಕು. ಸ್ವಲ್ಪ ಓದ್ಕೊಂಡು ಬಂದಿದೀನಿ.

1997ರಲ್ಲಿ ಇಂಗ್ಲೆಂಡಿನ ಕೆಲವು ಸಂಶೋಧಕರು ಒಂದು ಸೂಪರ್ ಮಾರ್ಕೆಟ್‌ನಲ್ಲಿ ಮಾಡಿದ ಪ್ರಯೋಗದ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವೈನ್ ಇಟ್ಟಿರೋ ಕಡೆ ಒಂದು ದಿನ ಫ್ರೆಂಚ್ ಸಂಗೀತ, ಇನ್ನೊಂದು ದಿನ ಜರ್ಮನ್ ಸಂಗೀತ. ಹೀಗೆ ಎರಡು ವಾರ. ಫ್ರೆಂಚ್ ಸಂಗೀತ ಇದ್ದ ದಿನ ಫ್ರೆಂಚ್ ವೈನೇ ಹೆಚ್ಚು ಖರ್ಚಾಯ್ತು, ಜರ್ಮನ್ ಸಂಗೀತ ಇದ್ದ ದಿನ ಜರ್ಮನ್ ವೈನು. ಆದ್ರೆ ನನಗೆ ಮುಖ್ಯ ಅನ್ನಿಸಿದ್ದು ಇದಲ್ಲ. ಕೊಂಡವರನ್ನ ಕೇಳಿದಾಗ ಹೆಚ್ಚಿನವರು ಸಂಗೀತಕ್ಕೂ ನಮ್ಮ ಆಯ್ಕೆಗೂ ಸಂಬಂಧ ಇಲ್ಲ ಅಂದ್ರಂತೆ. ಅಂದ್ರೆ ‘ಹಾಡು ತಾನೇ’ ಅಂತ ಅವರೂ ಅಂದ್ಕೊಂಡಿದ್ರು.

ಅಮೆರಿಕದಲ್ಲಿ 2003ರಲ್ಲಿ ಕ್ರೇಗ್ ಆಂಡರ್ಸನ್ ಮತ್ತು ಅವರ ಜೊತೆಯವರು ಐನೂರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಐದು ಪ್ರಯೋಗಗಳ ವರದಿ ಬಂತು. ಹಿಂಸೆಯ ಸಾಹಿತ್ಯ ಇರೋ ಹಾಡು ಕೇಳಿದವರ ತಲೆಯಲ್ಲಿ ಜಗಳದ ಯೋಚನೆ, ಸಿಟ್ಟಿನ ಭಾವನೆ ಜಾಸ್ತಿ ಕಂಡ್ವು. 2009ರಲ್ಲಿ ಟೋಬಿಯಾಸ್ ಗ್ರೈಟೆಮೇಯರ್ ಅನ್ನೋ ಮನಶ್ಶಾಸ್ತ್ರಜ್ಞ ಇದನ್ನೇ ಉಲ್ಟಾ ಮಾಡಿ ನೋಡಿದ್ರು. ಇನ್ನೊಬ್ಬರಿಗೆ ನೆರವಾಗು ಅನ್ನೋ ಅರ್ಥದ ಹಾಡು ಕೇಳಿಸಿದ್ರೆ ಜನರಲ್ಲಿ ಸಹಾಯ ಮಾಡೋ ಮನಸ್ಸು ಜಾಸ್ತಿ ಆಗೋದು ಕಂಡುಬಂತು. ಅಂದ್ರೆ ಈ ಪೈಪಿನಲ್ಲಿ ಎರಡೂ ಹರಿಯುತ್ತೆ.

ಇಲ್ಲಿ ಒಂದು ಬ್ರೇಕ್ ಹಾಕ್ಲೇಬೇಕು. ಇವೆಲ್ಲ ಕೇಳಿದ ಸ್ವಲ್ಪ ಹೊತ್ತಿನ ಪರಿಣಾಮ ನೋಡಿದ ಪ್ರಯೋಗಗಳು. ಒಂದು ಹಾಡು ಕೇಳಿ ಯಾರೂ ಸೀದಾ ಹೋಗಿ ಕೊಲೆ ಮಾಡಲ್ಲ. ಎಣ್ಣೆ ಹಾಡು ಕೇಳಿ ಚಿಕ್ಕಪ್ಪ ಕುಡಿಯೋದು ಕಲೀಲಿಲ್ಲ. ಅವರು ಕುಡಿಯೋಕೆ ಶುರು ಮಾಡಿದ್ದು ತೆಂಗಿನ ತೋಟ ಒಣಗಿದ ವರ್ಷ, ಸಾಲದ ಚಿಂತೆಗೆ. ಅದನ್ನ ಹಾಡಿನ ತಲೆಗೆ ಕಟ್ಟೋದು ಅನ್ಯಾಯ.

ಹಾಗಾದ್ರೆ ಹಾಡು ಮಾಡೋದೇನು? ನನಗೆ ಅರ್ಥ ಆಗಿರೋದು ಇಷ್ಟು. ಹಾಡು ನಮಗೆ ‘ಇದನ್ನ ಮಾಡು’ ಅಂತ ಹೇಳಲ್ಲ. ‘ಇದೇನು ದೊಡ್ಡ ವಿಷಯ ಅಲ್ಲ, ಎಲ್ರೂ ಮಾಡೋದೇ’ ಅನ್ನಿಸುತ್ತೆ. 1968ರಲ್ಲಿ ರಾಬರ್ಟ್ ಜಯಾಂಕ್ ಅನ್ನೋ ಮನಶ್ಶಾಸ್ತ್ರಜ್ಞ ತೋರಿಸಿದ್ದು ಇದನ್ನೇ. ಅರ್ಥವೇ ಗೊತ್ತಿಲ್ಲದ ಪದಗಳನ್ನ ಕೂಡ ಪದೇ ಪದೇ ನೋಡ್ತಾ ಹೋದ್ರೆ ಜನರಿಗೆ ಅವು ಇಷ್ಟ ಆಗೋಕೆ ಶುರುವಾಗ್ತವೆ. ಬರೀ ಪರಿಚಯದಿಂದಲೇ ಇಷ್ಟ ಹುಟ್ಟುತ್ತೆ. ಚಿಕ್ಕಪ್ಪ ಕುಡಿಯೋಕೆ ಶುರು ಮಾಡಿದ್ದು ಹಾಡಿನಿಂದಲ್ಲ, ನಿಜ. ಆದ್ರೆ ಅವರು ಕುಡಿದು ತೂರಾಡ್ಕೊಂಡು ಬಂದಾಗ ನಾವು ಹುಡುಗರೆಲ್ಲ ಅದೇ ಹಾಡು ಹಾಕಿ ನಗ್ತಿದ್ವಿ. ಅವರೂ ನಗ್ತಿದ್ರು. ಡಾಕ್ಟರ್ ಹತ್ರ ಕರ್ಕೊಂಡು ಹೋಗಬೇಕಾದ ಮನುಷ್ಯನನ್ನ ನಾವು ಕಾಮಿಡಿ ಪೀಸ್ ಮಾಡ್ಕೊಂಡಿದ್ವಿ. ಹಾಡು ನಮಗೆ ಆ ನಗುವನ್ನ ರೆಡಿ ಮಾಡಿ ಕೊಟ್ಟಿತ್ತು.

ಈಗ ಸ್ವಲ್ಪ ಕಷ್ಟದ ಭಾಗ. ಇದನ್ನ ಹೇಳಬೇಕೋ ಬೇಡ್ವೋ ಅಂತ ಎರಡು ವಾರ ಯೋಚನೆ ಮಾಡ್ದೆ.

ಡಿಗ್ರಿ ಸೆಕೆಂಡ್ ಇಯರ್. ನಮ್ಮ ಊರಿನ ಬಸ್ಸಲ್ಲಿ ಒಬ್ಬಳು ಹುಡುಗಿ ಬರ್ತಿದ್ಲು. ಬೇರೆ ಸೆಕ್ಷನ್. ನಾನು ಒಂದು ಸಲ ಮಾತಾಡಿಸ್ದೆ, ಅವಳು ತಲೆ ತಗ್ಗಿಸಿ ಮುಂದೆ ಹೋದ್ಲು. ಇನ್ನೊಂದು ಸಲ ಮಾತಾಡಿಸ್ದೆ. ‘ನಂಗೆ ಇಷ್ಟ ಇಲ್ಲ, ದಯವಿಟ್ಟು ಹಿಂದೆ ಬರಬೇಡಿ’ ಅಂದ್ಲು. ಎಷ್ಟು ಸ್ಪಷ್ಟ ಇದೆ ನೋಡಿ ಆ ಮಾತು. ಇವತ್ತು ಕೇಳಿದ್ರೆ ಅದರಲ್ಲಿ ಅರ್ಥ ಆಗದೇ ಇರೋದು ಏನೂ ಇಲ್ಲ. ಆದ್ರೆ ಆವತ್ತು ನನ್ನ ಕಿವಿಗೆ ಅದು ‘ಇನ್ನೂ ಟ್ರೈ ಮಾಡು’ ಅಂತ ಕೇಳಿಸ್ತು. ಯಾಕಂದ್ರೆ ನಾನು ಕೇಳ್ಕೊಂಡು ಬೆಳೆದ ಅಷ್ಟೂ ಹಾಡುಗಳಲ್ಲಿ ಎರಡನೇ ಚರಣದಲ್ಲಿ ಅವಳು ಬೇಡ ಅಂತಾಳೆ, ಹಾಡು ಮುಗಿಯೋ ಹೊತ್ತಿಗೆ ನಗ್ತಾಳೆ. ಬೇಡ ಅನ್ನೋದು ಅಲ್ಲಿ ಒಂದು ಸ್ಟೇಜ್ ಅಷ್ಟೇ.

ಆರು ತಿಂಗಳು ಹಿಂದೆ ಬಿದ್ದೆ. ಬಸ್ ಸ್ಟಾಪಲ್ಲಿ, ಲೈಬ್ರರಿ ಮುಂದೆ, ಸಂಜೆ ಅವಳು ಹೋಗ್ತಿದ್ದ ಟ್ಯಾಲಿ ಕ್ಲಾಸ್ ಬಾಗಿಲಲ್ಲಿ. ಫ್ರೆಂಡ್ಸ್ ಹಿಂದಿನ ಸೀಟಿಂದ ಫೋನಲ್ಲಿ ಹಾಡು ಹಾಕ್ತಿದ್ರು. ಒಂದು ಕೈ ಕೂಡ ತಾಗಿಸಿಲ್ಲ, ಒಂದು ಕೆಟ್ಟ ಮಾತು ಆಡಿಲ್ಲ. ಹಾಗಾಗಿ ನಾನು ಒಳ್ಳೆಯವನು ಅಂತಲೇ ಅಂದ್ಕೊಂಡಿದ್ದೆ. ಒಂದು ದಿನ ಅವಳು ಟ್ಯಾಲಿ ಕ್ಲಾಸಿಗೆ ಬರೋದು ನಿಲ್ಲಿಸಿದ್ಲು. ನಾನು ಅದನ್ನ ‘ನನ್ನ ಪ್ರೀತಿಗೆ ಪರೀಕ್ಷೆ’ ಅಂತ ಡೈರಿಯಲ್ಲಿ ಬರ್ಕೊಂಡೆ. ಆ ಡೈರಿ ಇನ್ನೂ ಇದೆ, ಓದೋಕೆ ನಾಚಿಕೆ ಆಗುತ್ತೆ.

ಎಷ್ಟೋ ವರ್ಷ ಆದ್ಮೇಲೆ ಒಬ್ಬ ಕ್ಲಾಸ್‌ಮೇಟ್ ಎಂಗೇಜ್‌ಮೆಂಟಲ್ಲಿ ಅವಳ ಗೆಳತಿ ಸಿಕ್ಕಿದ್ರು. ಮಾತಿಗೆ ಮಾತು ಬಂದು ಅವರು ಹೇಳಿದ್ರು. ಅವಳು ಮನೆಯಲ್ಲಿ ವಿಷಯ ಹೇಳಿದ್ಲಂತೆ. ಮನೆಯವರು ಏನು ಮಾಡಿದ್ರು ಗೊತ್ತಾ? ನನ್ನನ್ನ ಯಾರೂ ಕೇಳಲಿಲ್ಲ. ಅವಳ ಸಂಜೆ ಕ್ಲಾಸ್ ಬಿಡಿಸಿದ್ರು. ಟ್ಯಾಲಿ ಕಲಿತು ಆಡಿಟರ್ ಆಫೀಸಲ್ಲಿ ಕೆಲಸಕ್ಕೆ ಸೇರಬೇಕು ಅಂತ ಇದ್ದವಳು, ಫೈನಲ್ ಇಯರ್ ಮುಗಿದ ಕೂಡಲೇ ಮದುವೆ ಆಗಿ ಹೋದ್ಲು. ‘ನಿನ್ನಿಂದಲೇ ಎಲ್ಲ ಅಂತ ಅಲ್ಲ, ಆದ್ರೆ ನೀನೂ ಒಂದು ಕಾರಣ’ ಅಂದ್ರು ಆ ಗೆಳತಿ. ನಾನು ತಲೆ ಎತ್ತಲಿಲ್ಲ.

ಹುಡುಕಿ ಕ್ಷಮೆ ಕೇಳೋಣ ಅನ್ನಿಸ್ತು. ಆಮೇಲೆ ಹೊಳೀತು, ಕ್ಷಮೆ ಕೇಳೋಕೆ ಅಂತ ಹುಡ್ಕೊಂಡು ಹೋಗೋದೂ ಹಿಂದೆ ಬೀಳೋದೇ ಅಲ್ವಾ? ಹಾಗಾಗಿ ಹುಡುಕಿಲ್ಲ, ಹುಡುಕಲ್ಲ. ಇಲ್ಲಿ ನಿಮ್ಮ ಮುಂದೆ ಹೇಳ್ತಿದೀನಿ, ನಿಮ್ಮಲ್ಲಿ ಯಾರಾದ್ರೂ ಇವತ್ತು ಒಂದು ಟ್ಯಾಲಿ ಕ್ಲಾಸ್ ಬಾಗಿಲಲ್ಲಿ ನಿಂತಿದ್ರೆ ಕೇಳಿಸ್ಕೊಳ್ಳಲಿ ಅಂತ.

ಇದಕ್ಕೆ ಕಾನೂನಿನಲ್ಲಿ ಹೆಸರೂ ಇದೆ. 2012ರ ಡಿಸೆಂಬರ್‌ನ ದೆಹಲಿ ಘಟನೆ ಆದ್ಮೇಲೆ 2013ರಲ್ಲಿ ಕಾನೂನು ತಿದ್ದುಪಡಿ ಆಯ್ತು. ಭಾರತೀಯ ದಂಡ ಸಂಹಿತೆಗೆ 354ಡಿ ಅನ್ನೋ ಸೆಕ್ಷನ್ ಸೇರಿತು. ಹೆಣ್ಣುಮಗಳು ಇಷ್ಟ ಇಲ್ಲ ಅಂತ ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಹಿಂದೆ ಹೋಗೋದು, ಮಾತಾಡಿಸೋದು, ಅವಳ ಮೆಸೇಜು, ಇಂಟರ್ನೆಟ್ ಮೇಲೆ ಕಣ್ಣಿಡೋದು, ಇದೆಲ್ಲ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದ್ರೆ ಐದು ವರ್ಷದವರೆಗೆ ಜೈಲು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಸೆಕ್ಷನ್ 78. ಅಂದ್ರೆ ನಾನು ಡಿಗ್ರಿಯಲ್ಲಿ ಇದ್ದಾಗಲೇ ಆ ಕಾನೂನು ಇತ್ತು. ಬಿಸಿನೆಸ್ ಲಾ ಪೇಪರ್‌ನಲ್ಲಿ ಪಾಸ್ ಆದ ನನಗೆ ಅದು ಗೊತ್ತಿರಲಿಲ್ಲ. ಹೀರೋ ಬೈಕಲ್ಲಿ ಹಿಂದೆ ಹೋಗೋ ಹಾಡು ಮಾತ್ರ ಬಾಯಿಪಾಠ ಇತ್ತು.

ಇದು ನನ್ನೊಬ್ಬನ ಕತೆ ಅಲ್ಲ ಅಂತ ತೋರಿಸೋಕೆ ಒಂದು ಕೋರ್ಟ್ ಕೇಸ್ ಹೇಳ್ತೀನಿ. 2015ರ ಜನವರಿ, ಆಸ್ಟ್ರೇಲಿಯಾದ ಹೋಬಾರ್ಟ್. ಭಾರತದಿಂದ ಹೋಗಿದ್ದ 32 ವರ್ಷದ ಒಬ್ಬ ವ್ಯಕ್ತಿ ಇಬ್ಬರು ಮಹಿಳೆಯರನ್ನ ಪದೇ ಪದೇ ಹಿಂಬಾಲಿಸಿದ್ದ. ಅವನ ಪರ ವಕೀಲರು ವಾದ ಮಾಡಿದ್ದು ಏನು ಅಂದ್ರೆ, ಇವನು ಬಾಲಿವುಡ್ ಸಿನಿಮಾ ನೋಡಿ ಬೆಳೆದವನು, ಹಿಂದೆ ಬಿದ್ದರೆ ಹುಡುಗಿ ಕೊನೆಗೆ ಒಪ್ತಾಳೆ ಅಂತ ನಂಬಿದ್ದ ಅಂತ. ಅವನು ಜೈಲಿಗೆ ಹೋಗಲಿಲ್ಲ, ಐದು ವರ್ಷ ಸರಿಯಾಗಿ ನಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಬಿಟ್ರು. ಇದನ್ನ ಓದಿದಾಗ ನನಗೆ ಎರಡು ಥರ ಅನ್ನಿಸ್ತು. ಒಂದು, ಅವನು ಹೇಳಿದ್ದು ನನಗೆ ಪೂರ್ತಿ ಅರ್ಥ ಆಗುತ್ತೆ. ಎರಡು, ಅದು ನೆಪ ಆಗಬಾರದು. ಅದೇ ಸಿನಿಮಾ ನೋಡಿ, ಅದೇ ಹಾಡು ಕೇಳಿ, ಒಬ್ಬಳ ಹಿಂದೆ ಒಂದು ದಿನವೂ ಹೋಗದ ಕೋಟ್ಯಂತರ ಗಂಡಸರು ಇದಾರೆ. ಹಾಡು ದಾರಿ ತೋರಿಸಿರಬಹುದು, ನಡೆದದ್ದು ನನ್ನ ಕಾಲು.

ಸರಿ, ಹಾಗಾದ್ರೆ ಬ್ಯಾನ್ ಮಾಡಿಬಿಡೋಣ್ವಾ? ಕಾಮೆಂಟಲ್ಲಿ ಈ ಮಾತು ಬಂದೇ ಬರುತ್ತೆ. ಪಂಜಾಬ್ ಕಡೆ ನೋಡಿ. ಅಲ್ಲಿ ಬಂದೂಕು, ಮದ್ಯ, ಡ್ರಗ್ಸ್ ವೈಭವೀಕರಿಸೋ ಹಾಡುಗಳ ಬಗ್ಗೆ ವರ್ಷಗಳಿಂದ ಗಲಾಟೆ ಇದೆ. 2019ರ ಜುಲೈನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, ಇಂಥ ಹಾಡುಗಳನ್ನ ಲೈವ್ ಶೋಗಳಲ್ಲೂ ಹಾಡದ ಹಾಗೆ ನೋಡ್ಕೊಳ್ಳಿ ಅಂತ ಪೊಲೀಸ್ ಮುಖ್ಯಸ್ಥರಿಗೆ ಹೇಳಿತು. ಮೂರು ವರ್ಷ ಆದ್ಮೇಲೆ, 2022ರ ಮೇ 29ರಂದು, ಸಿಧು ಮೂಸೆವಾಲ ಅನ್ನೋ ದೊಡ್ಡ ಗಾಯಕನನ್ನ ಮಾನ್ಸಾ ಜಿಲ್ಲೆಯಲ್ಲಿ ಗುಂಡು ಹಾರಿಸಿ ಕೊಂದ್ರು. 28 ವರ್ಷ ಅವನಿಗೆ. ಅವನ ಹಾಡುಗಳಲ್ಲಿ ಬಂದೂಕು ಇತ್ತು ಅಂತ 2020ರಲ್ಲೇ ಕೇಸ್ ಆಗಿತ್ತು. ಹಾಡೇ ಅವನನ್ನ ಕೊಂದಿತು ಅಂತ ಹೇಳೋದು ತಪ್ಪು, ಗ್ಯಾಂಗ್‌ಗಳ ದ್ವೇಷ ಬೇರೆ ಕತೆ. ಅದೇ ವರ್ಷ ನವೆಂಬರ್‌ನಲ್ಲಿ ಪಂಜಾಬ್ ಸರ್ಕಾರ ಬಂದೂಕು ಸಂಸ್ಕೃತಿಯನ್ನ ಹೊಗಳೋ ಹಾಡುಗಳನ್ನ ನಿಷೇಧಿಸಿತು. ಅಂದ್ರೆ 2019ರಲ್ಲಿ ಕೋರ್ಟ್ ಹೇಳಿದ್ದನ್ನ 2022ರಲ್ಲಿ ಸರ್ಕಾರ ಮತ್ತೆ ಹೇಳಬೇಕಾಯ್ತು. ಮೊದಲ ಸಲದ್ದು ಎಷ್ಟು ಕೆಲಸ ಮಾಡಿತ್ತು ಅಂತ ಅಲ್ಲೇ ಗೊತ್ತಾಗುತ್ತೆ. ಸ್ಟೇಜ್ ಮೇಲೆ ಪೊಲೀಸ್ ನಿಲ್ಲಿಸಬಹುದು, ಇಯರ್‌ಫೋನ್ ಒಳಗೆ ಯಾರನ್ನ ನಿಲ್ಲಿಸ್ತೀರ?

ಇನ್ನೊಂದು ಭಯನೂ ಇದೆ ನನಗೆ. ಇವತ್ತು ಎಣ್ಣೆ ಹಾಡು ಬ್ಯಾನ್ ಮಾಡೋ ಕೈಯಲ್ಲಿ ನಾಳೆ ಪ್ರಶ್ನೆ ಕೇಳೋ ಹಾಡೂ ಸಿಕ್ಕಿಹಾಕಿಕೊಳ್ಳುತ್ತೆ. ಹಾಡಿನ ಶಕ್ತಿ ಅಂದ್ರೆ ಬರೀ ಕೆಟ್ಟದ್ದಲ್ಲ. ನಮ್ಮ ಕರ್ನಾಟಕದಲ್ಲೇ ನೋಡಿ. 1975ರಲ್ಲಿ ಕವಿ ಸಿದ್ದಲಿಂಗಯ್ಯ ಅವರ ‘ಹೊಲೆಮಾದಿಗರ ಹಾಡು’ ಬಂತು. ಅವರ ಹಾಡುಗಳನ್ನ ದಲಿತ ಸಂಘರ್ಷ ಸಮಿತಿಯ ಸಭೆ, ಮೆರವಣಿಗೆಗಳಲ್ಲಿ ಜನ ಹಾಡಿದ್ರು. ಪುಸ್ತಕ ಓದೋಕೆ ಬರದವರ ಬಾಯಲ್ಲೂ ಆ ಹಾಡು ಇತ್ತು. ‘ನಮಗೂ ಬರಬೇಕಾದ್ದು ಬಂದಿಲ್ಲ’ ಅಂತ ಗಟ್ಟಿಯಾಗಿ ಕೇಳೋದು ತಪ್ಪಲ್ಲ ಅನ್ನೋ ಧೈರ್ಯ ಕೊಟ್ಟಿದ್ದು ಅಂಥ ಹಾಡುಗಳು. ಆವತ್ತು ಊರ ಯಜಮಾನರ ಕೈಯಲ್ಲಿ ಬ್ಯಾನ್ ಮಾಡೋ ಅಧಿಕಾರ ಇದ್ದಿದ್ರೆ ಮೊದಲು ಹೋಗ್ತಿದ್ದಿದ್ದು ಅವೇ.

ಸಿನಿಮಾದಲ್ಲೂ ಇದೆ. 1972ರ ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯ ಅವರ ನಿರ್ದೇಶನ (ಇವರು ಬೇರೆ, ಕವಿ ಬೇರೆ), ಜಿ.ಕೆ. ವೆಂಕಟೇಶ್ ಸಂಗೀತ. ಪ್ರಯತ್ನ ಬಿಡಬೇಡ ಅಂತ ಹೇಳೋ ಹಾಡೊಂದು ಅದರಲ್ಲಿದೆ, ಪಿ.ಬಿ. ಶ್ರೀನಿವಾಸ್ ಹಾಡಿದ್ದು, ನಿಮಗೆ ಗೊತ್ತೇ ಇರುತ್ತೆ. ಆ ಸಿನಿಮಾ ನೋಡಿ ಪೇಟೆ ಬಿಟ್ಟು ಊರಿಗೆ ಬಂದು ಬೇಸಾಯ ಹಿಡಿದವರ ಕತೆಗಳನ್ನ ಇವತ್ತಿಗೂ ಹಳೇ ಜನ ಹೇಳ್ತಾರೆ. ನಮ್ಮ ತಾತನೂ ಹೇಳ್ತಿದ್ರು. ಹಾಡು ಒಬ್ಬನನ್ನ ಹೊಲಕ್ಕೆ ಕಳಿಸಬಹುದು ಅಂತ ನಾವು ಹೆಮ್ಮೆಯಿಂದ ಒಪ್ಕೋತೀವಿ. ಹಾಡು ಒಬ್ಬನನ್ನ ಟ್ಯಾಲಿ ಕ್ಲಾಸ್ ಬಾಗಿಲಲ್ಲಿ ನಿಲ್ಲಿಸಬಹುದು ಅಂದ ತಕ್ಷಣ ‘ಹಾಡು ತಾನೇ’ ಅಂತೀವಿ. ಒಳ್ಳೇದು ಮಾಡಿದಾಗ ಕ್ರೆಡಿಟ್, ಕೆಟ್ಟದ್ದು ಮಾಡಿದಾಗ ಡೆಬಿಟ್ ಇಲ್ಲ. ಯಾವ ಲೆಡ್ಜರ್ ರೀ ಇದು?

ಹಾಡು ಬರೆಯೋರನ್ನ ಮಾತ್ರ ಬೈದು ಎಪಿಸೋಡ್ ಮುಗಿಸೋದು ಸುಲಭ. ಆದ್ರೆ ಡಿಮ್ಯಾಂಡ್ ಇದ್ದಲ್ಲಿ ಸಪ್ಲೈ ಬರುತ್ತೆ. ಸ್ಪಾಟಿಫೈನಲ್ಲಿ ಒಂದು ಹಾಡನ್ನ ಮೂವತ್ತು ಸೆಕೆಂಡು ಕೇಳಿದ್ರೆ ಒಂದು ಸ್ಟ್ರೀಮ್ ಅಂತ ಲೆಕ್ಕ. ನಾವು ಕೇಳ್ತಾ ನಗಲಿ, ಬೈಲಿ, ಲೆಕ್ಕಕ್ಕೆ ಎಲ್ಲ ಒಂದೇ. ರೀಲ್ಸ್‌ನಲ್ಲಿ ನಾವು ಯಾವ ತುಣುಕಿಗೆ ಕುಣೀತೀವೋ ಮುಂದಿನ ಸಿನಿಮಾದಲ್ಲಿ ಅಂಥದ್ದೇ ತುಣುಕು ಹುಡುಕ್ತಾರೆ. ನಾನು ಆ ಹುಡುಗನ ವಿಡಿಯೊ ಸ್ಟೇಟಸ್‌ಗೆ ಹಾಕಿದೆ ಅಂದ್ನಲ್ಲ, ಆ ಹೊತ್ತಲ್ಲಿ ನಾನೂ ಆ ಹಾಡಿನ ಡಿಸ್ಟ್ರಿಬ್ಯೂಟರ್. ಸಂಬಳ ಇಲ್ಲದ ಡಿಸ್ಟ್ರಿಬ್ಯೂಟರ್.

ಹಾಗಂತ ನಾನೀಗ ಬರೀ ಭಕ್ತಿಗೀತೆ ಕೇಳ್ತೀನಿ ಅಂದ್ಕೋಬೇಡಿ. ಜಿಮ್‌ನಲ್ಲಿ ನನ್ನ ಪ್ಲೇಲಿಸ್ಟ್ ಕೇಳಿದ್ರೆ ನೀವೇ ಬೆಚ್ಚಿಬೀಳ್ತೀರ. ತಮಾಷೆ ಹಾಡು ಬೇಕು, ಸೋತವನ ಹಾಡು ಬೇಕು, ಕುಡುಕನ ಹಾಡೂ ಬೇಕಾದ್ರೆ ಇರ್ಲಿ. ನಾನು ಮಾಡ್ಕೊಂಡಿರೋದು ಮೂರು ಪ್ರಶ್ನೆ, ಅಷ್ಟೇ. ಹಾಡು ಎರಡನೇ ಸಲ ಹಾಕೋಕೆ ಮುಂಚೆ ಕೇಳ್ಕೋತೀನಿ.

ಒಂದು, ಈ ಹಾಡು ಒಬ್ಬಳ ಬಗ್ಗೆ ಇದ್ರೆ, ಇದರಲ್ಲಿ ಅವಳಿಗೆ ಒಂದು ಸಾಲಾದ್ರೂ ಇದೆಯಾ? ಒಂದು ಸಲ ನಿಮ್ಮ ಪ್ಲೇಲಿಸ್ಟ್ ತೆಗೆದು ಎಣಿಸಿ ನೋಡಿ. ಎಷ್ಟೋ ಹಾಡಲ್ಲಿ ನಾಲ್ಕು ನಿಮಿಷವೂ ಅವನೇ ಮಾತಾಡ್ತಾನೆ, ಅವಳಿಗೆ ಬರೀ ಮುಖ ತಿರುಗಿಸೋ ಕೆಲಸ. ಯುಗಳ ಗೀತೆಗಳನ್ನ ಕೇಳಿದ್ರೆ ವ್ಯತ್ಯಾಸ ಗೊತ್ತಾಗುತ್ತೆ, ಅಲ್ಲಿ ಅವಳೂ ಹಾಡ್ತಾಳೆ, ಉತ್ತರ ಕೊಡ್ತಾಳೆ.

ಎರಡು, ಈ ಹಾಡು ಮುಗಿದ ಮೇಲೆ ಬಿಲ್ ಯಾರು ಕಟ್ತಾರೆ? ಕುಡಿದ ರಾತ್ರಿ ಹಾಡಲ್ಲಿ ಇದೆ. ಮಾರನೇ ಬೆಳಗ್ಗೆ ಇದೆಯಾ? ಹಿಂದೆ ಬಿದ್ದ ಹೀರೋ ಇದಾನೆ. ಕ್ಲಾಸ್ ಬಿಟ್ಟ ಹುಡುಗಿ ಇದಾಳಾ?

ಮೂರು, ಇದು ಯಾರ ಬದುಕಿನ ಮೇಲೆ ಬೀಳುತ್ತೋ ಅವರ ಮುಂದೆ ಈ ಹಾಡು ಹಾಕೋಕೆ ನನಗೆ ಧೈರ್ಯ ಇದೆಯಾ? ಚಿಕ್ಕಮ್ಮನ ಪಕ್ಕ ಕೂತು ಆ ಹಾಡು ಹಾಕ್ತೀನಾ? ಇಲ್ಲ ಅಂದ್ರೆ, ಅದು ‘ಹಾಡು ತಾನೇ’ ಅಲ್ಲ. ನನ್ನ ಮಟ್ಟಿಗೆ ಈ ಮೂರನೇ ಪ್ರಶ್ನೆಯೇ ಸೆನ್ಸಾರ್ ಬೋರ್ಡ್. ಕತ್ತರಿ ಬೇಡ, ಕೋರ್ಟ್ ಬೇಡ.

ಮೊನ್ನೆ ಊರಿಗೆ ಹೋಗಿದ್ದೆ. ಆ ಹುಡುಗ ಇನ್ನೂ ಅದೇ ಹಾಡು ಹಾಡ್ತಾನೆ. ಒಂದು ಎಪಿಸೋಡ್ ಮಾಡಿದ ತಕ್ಷಣ ಎಲ್ಲ ಬದಲಾಗಲ್ಲ. ‘ಅದನ್ನ ಹಾಡಬೇಡ’ ಅಂತ ಅವನಿಗೆ ನಾನು ಹೇಳಲೂ ಇಲ್ಲ, ಹೇಳಿದ್ರೆ ಇನ್ನೂ ಜೋರಾಗಿ ಹಾಡ್ತಾನೆ, ಆರು ವರ್ಷದವನು. ಅವನ ಸ್ಟೆಪ್‌ಗೆ ಶಿಳ್ಳೆ ಹೊಡೆಯೋದನ್ನ ಮಾತ್ರ ನಿಲ್ಲಿಸಿದೀನಿ. ಆಮೇಲೆ ಚಿಕ್ಕಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು, ‘ಚಿಕ್ಕಪ್ಪನಿಗೆ ಯಾವ ಹಾಡು ಇಷ್ಟ ಇತ್ತು?’ ಅಂತ ಕೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಹಳೇ ಹಾಡನ್ನ ಗುನುಗಿದ್ರು. ಮದುವೆ ಆದ ಹೊಸದರಲ್ಲಿ ಟೇಪ್ ರೆಕಾರ್ಡರ್‌ನಲ್ಲಿ ದಿನಾ ಹಾಕ್ತಿದ್ರಂತೆ. ಚಿಕ್ಕಪ್ಪ ಅಂದ್ರೆ ಬಾಟಲ್ ಅಂತಲೇ ನಗ್ತಿದ್ದ ನಮಗೆ ಯಾರಿಗೂ ಅದು ಗೊತ್ತೇ ಇರಲಿಲ್ಲ. ಹುಡುಗ ಬಾಗಿಲಲ್ಲಿ ನಿಂತು ಕೇಳಿಸ್ಕೊಳ್ತಿದ್ದ.

ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಒಂದು ನಾಮಕರಣ ಇದೆ. ಹಾಡಿನ ಪಟ್ಟಿ ಮಾಡೋ ಜವಾಬ್ದಾರಿ ನಾನೇ ಕೇಳಿ ತಗೊಂಡಿದೀನಿ. ಆ ಹಳೇ ಹಾಡು ಮೊದಲು.

ಇವತ್ತಿಗೆ ಇಷ್ಟು. ನಿಮ್ಮ ಕೈಲಿ ಒಂದು ಹಾಡು ಏನು ಮಾಡಿಸಿದೆ, ಒಳ್ಳೇದೋ ಕೆಟ್ಟದ್ದೋ, ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಹೆಸರು ಹೇಳಬೇಕು ಅಂತೇನಿಲ್ಲ. ಮುಂದಿನ ಎಪಿಸೋಡಲ್ಲಿ ಅವನ್ನ ಇಟ್ಕೊಂಡೇ ಮಾತಾಡೋಣ. ಅಲ್ಲಿವರೆಗೂ ಚೆನ್ನಾಗಿರಿ. ಬಸ್ಸಲ್ಲಿ ಇರೋರು ದಯವಿಟ್ಟು ಇಯರ್‌ಫೋನ್ ಹಾಕ್ಕೊಂಡೇ ಕೇಳಿ, ಪಕ್ಕದವರು ಯಾವ ಕತೆ ಹೊತ್ಕೊಂಡು ಕೂತಿದಾರೋ ನಮಗೆ ಗೊತ್ತಿರಲ್ಲ. ನಮಸ್ಕಾರ.